ಮಾಮನ ಒಂದೇ ಪ್ರಶ್ನೆ

ನಮ್ಮ ಮಾಮನಿಗೆ ತಲೆ ಸರಿಯಿಲ್ಲ ಎನ್ನುವವರು ಕಂಪ್ಲಿಯಲ್ಲಿ ಇದ್ದಾರೆ. ಹೊಸಪೇಟೆಯಲ್ಲಿ ಒಬ್ಬರು ಹೆಚ್ಚೇ ಇದ್ದಾರೆ, ಯಾಕೆಂದರೆ ನಮ್ಮ ಅಪ್ಪ ಇರುವುದು ಅಲ್ಲಿ. ನಾನು ಮಾತ್ರ ಹಾಗೆ ಹೇಳುವುದಿಲ್ಲ. ಮಾಮನ ತಲೆ ಸರಿಯಾಗಿಯೇ ಇದೆ. ಅದು ಹೊಟ್ಟೆಯನ್ನು ಕೇಳಿ ಕೆಲಸ ಮಾಡುತ್ತದೆ, ಅಷ್ಟೇ!

ಮಾಮ ಎಂದರೆ ನನ್ನ ಅಮ್ಮನ ತಮ್ಮ. ಕಂಪ್ಲಿಯಲ್ಲಿ ಅಕ್ಕಿ ಗಿರಣಿ ಇಟ್ಟಿದ್ದಾನೆ. ಮದುವೆಗೆ ಅಕ್ಕಿ ಕೊಳ್ಳಲು ಬಂದವರು ಚೀಲದಲ್ಲಿ ಕೈಯಾಡಿಸಿ ‘ಚಲೋ ಐತಿ, ಹಾಕ್ರಿ’ ಎಂದರೆ ಅವನಿಗೆ ಸಿಟ್ಟು ಬರುತ್ತದೆ. “ಚೀಲ ನೋಡಿ ಅಕ್ಕಿ ಒಯ್ಯಬ್ಯಾಡ್ರಿ. ಒಂದು ಹಿಡಿ ಒಯ್ದು ಬೇಯಿಸಿ ನೋಡ್ರಿ. ಉಂಡು ಆಮ್ಯಾಲೆ ಬರ್ರಿ” ಎಂದು ಗಿರಾಕಿಯನ್ನು ಅಟ್ಟಿಬಿಡುತ್ತಾನೆ. ಅಟ್ಟಿಸಿಕೊಂಡವರಲ್ಲಿ ಕೆಲವರು ಪಕ್ಕದ ಗಿರಣಿಯಲ್ಲಿ ಕೊಂಡು ಹೋಗುತ್ತಾರೆ. ಮಾಮನಿಗೆ ಅದರ ಬೇಸರವೇನೂ ಇಲ್ಲ. ಪಾಪ, ಬೇಯಿಸದೆ ಒಯ್ದರಲ್ಲ ಎಂದು ಅವರ ಬೀಗರ ಬಗ್ಗೆ ಮರುಗುತ್ತಾನೆ.

ಇಂಥವನು ನನ್ನ ಭವಿಷ್ಯಕ್ಕೆ ಕೈ ಹಾಕಿದ.

ಆಗ ನನ್ನ ಪಿಯುಸಿ ಮುಗಿದಿತ್ತು. ಮಾರ್ಕ್ಸು ಚೆನ್ನಾಗಿಯೇ ಬಂದಿತ್ತು, ಸಂಕಟ ಶುರುವಾದದ್ದೇ ಅಲ್ಲಿಂದ. ಕಡಿಮೆ ಬಂದಿದ್ದರೆ ಸಿಕ್ಕಿದ್ದಕ್ಕೆ ಸೇರಿ ಸುಖವಾಗಿರಬಹುದಿತ್ತು. ಅಪ್ಪನಿಗೆ ಎಂಜಿನಿಯರಿಂಗ್ ಆಗಬೇಕು. ಅಜ್ಜಿಗೆ ಮೊಣಕಾಲು ನೋವು, ಆದ್ದರಿಂದ ನಾನು ಡಾಕ್ಟರಾಗಬೇಕು. ಎದುರು ಮನೆಯವರಿಗೆ, ನಾನು ಅವರ ಮಗಳು ಸೇರಿದ್ದಕ್ಕೆ ಸೇರದಿದ್ದರೆ ಸಾಕು. ‘ನಿನಗೇನು ಬೇಕು?’ ಎಂದೂ ಕೇಳುತ್ತಿದ್ದರು, ಇಲ್ಲವೆನ್ನಲಾರೆ. ‘ಗೊತ್ತಿಲ್ಲ’ ಎನ್ನುತ್ತಿದ್ದೆ. ಅದು ನಿಜವಾದ ಉತ್ತರ. ಆದರೆ ನಿಜವಾದ ಉತ್ತರಕ್ಕೆ ಯಾವ ಕಾಲೇಜಿನಲ್ಲೂ ಸೀಟಿಲ್ಲ. ಮುಂದೇನು ಎಂದು ಕೇಳುವವರೆಲ್ಲ ನಾನು ತಟ್ಟೆಯ ಮುಂದೆ ಕೂತಾಗಲೇ ಕೇಳುತ್ತಿದ್ದರು. ನಾನು ಕಲಸಿದ ಅನ್ನವನ್ನು ಅಲ್ಲಿಗೇ ಬಿಟ್ಟು ಎದ್ದು ಕೈ ತೊಳೆಯುತ್ತಿದ್ದೆ. ಯಾವ ಕೋರ್ಸು ಬೇಕೆಂದು ಸೋಮವಾರದೊಳಗೆ ಕಂಪ್ಯೂಟರಿನಲ್ಲಿ ತುಂಬಬೇಕಿತ್ತು. ಆಮೇಲೆ ಬ್ರಹ್ಮ ಬಂದರೂ ಬದಲಾಗುವುದಿಲ್ಲ ಎಂದು ಅಪ್ಪ ಹೆದರಿಸಿದ್ದರು.

ಆ ವಾರ ಅಕ್ಕಿ ಚೀಲ ಇಳಿಸಲು ಬಂದ ಮಾಮ ನಮ್ಮ ಜೊತೆ ಊಟಕ್ಕೆ ಕೂತ. ಉಂಡು, ಕೈ ತೊಳೆದು, ತೀರ್ಪು ಕೊಟ್ಟ.

“ಭಾವ, ಚೀಲ ನೋಡಿ ಕೋರ್ಸ್ ತಗೋಬ್ಯಾಡ್ರಿ. ಕೂಸಿನ್ನ ನನ್ನ ಕೂಡ ಕಳಸ್ರಿ. ಒಂದೊಂದೂ ಬೇಯಿಸಿ ನೋಡಿ ಬರ್ತೀವಿ.”

“ಅದೇನು ಅಕ್ಕಿ ಏನೋ?” ಎಂದರು ಅಪ್ಪ.

“ಅಕ್ಕಿಕಿಂತ ತುಟ್ಟಿ ಅಲ್ರೀ. ಅದಕ್ಕ ಹೇಳಾಕತ್ತೀನಿ.”

ಅಪ್ಪ ಒಲ್ಲದ ಮನಸ್ಸಿನಿಂದ ಹೂಂ ಎಂದರು. ಮರುದಿನ ಬೆಳಿಗ್ಗೆ ಕಂಪ್ಲಿಯಲ್ಲಿ ಅತ್ತೆ ಕಟ್ಟಿಕೊಟ್ಟ ರೊಟ್ಟಿ ಬುತ್ತಿ ಸ್ಕೂಟರಿಗೆ ನೇತುಹಾಕಿಕೊಂಡು ಮಾಮ ಬಾಗಿಲಲ್ಲಿ ಹಾರನ್ ಹೊಡೆದ.

ಮೊದಲು ಹೊಸಪೇಟೆಯ ಒಬ್ಬ ಡಾಕ್ಟರು. ರೋಗಿಗಳ ಸಾಲಿನಲ್ಲಿ ಕೂತು, ಸರದಿ ಬಂದಾಗ ಒಳಗೆ ಹೋದೆವು.

“ಏನು ತೊಂದರೆ?”

“ನಮಗೇನಿಲ್ರಿ. ಮಧ್ಯಾಹ್ನ ಊಟ ಎಷ್ಟೊತ್ತಿಗೆ ಮಾಡ್ತೀರಿ?”

ಡಾಕ್ಟರು ಸ್ಟೆತಾಸ್ಕೋಪು ಕೆಳಗಿಟ್ಟರು. ಅವರನ್ನು ಯಾರೂ ಈ ಪ್ರಶ್ನೆ ಕೇಳಿರಲಿಲ್ಲವೆಂದು ಕಾಣುತ್ತದೆ. ಊಟ ಸಂಜೆಗೆ ಬೀಳುತ್ತದೆ, ಎದೆಯುರಿ ಇದೆ, ರಾತ್ರಿ ನಿದ್ದೆ ಬರುವುದಿಲ್ಲ ಎಂದು ಎಲ್ಲವನ್ನೂ ಹೇಳಿಕೊಂಡರು. ಮಾಮ ಸಮಾಧಾನದಿಂದ ಕೇಳಿ, ಮಜ್ಜಿಗೆಗೆ ಜೀರಿಗೆ ಪುಡಿ ಹಾಕಿ ಕುಡಿಯಲು ಹೇಳಿದ. ಹೊರಗೆ ಬಂದಾಗ ಫೀಸು ಮಾತ್ರ ನಮ್ಮಿಂದಲೇ ತೆಗೆದುಕೊಂಡರು! ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿದೆವು. ನಾನು ಅರ್ಧ ರೊಟ್ಟಿ ತಿಂದು ಎದ್ದೆ. ಮಾಮ “ಇದು ಬ್ಯಾಡ” ಎಂದ.

ಸಂಡೂರಿನ ಗಣಿಯಲ್ಲಿ ಮಾಮನ ಪರಿಚಯದ ಒಬ್ಬ ಎಂಜಿನಿಯರು ಇದ್ದರು. ಇವರ ಊಟ ಹೊತ್ತಿಗೆ ಸರಿಯಾಗಿತ್ತು. ಆದರೆ ಡಬ್ಬಿ ತೆಗೆದಾಗ ಮಾಮ ಬಗ್ಗಿ ನೋಡಿದ.

“ಟೊಮ್ಯಾಟೊ ಬಾತೇನ್ರಿ?”

“ಮೊಸರನ್ನ ರೀ. ಗಾಳಿಗೆ ಗಣಿ ಕೆಂಪು ಧೂಳು ಎದ್ದೈತಿ.”

ಮೂರನೆಯವರು ಆಡಿಟರು. ಮಾಮನ ಪ್ರಶ್ನೆಗೆ ಅವರು ಕಂಪ್ಯೂಟರಿನಿಂದ ತಲೆ ಎತ್ತದೆ, “ಯಾವ ತಿಂಗಳದ್ದು ಕೇಳಾಕತ್ತೀರಿ?” ಎಂದರು. ಅಲ್ಲಿ ನಾವು ಕೂರಲೇ ಇಲ್ಲ.

ಕೊನೆಗೆ ಒಂದು ಕಾಲೇಜಿನ ಉಪನ್ಯಾಸಕಿಯ ಬಳಿ ಹೋದೆವು. ಗಂಟೆ ಹೊಡೆಯಿತು. ಅಷ್ಟೂ ಜನ ಮೇಡಂಗಳು ಡಬ್ಬಿ ಬಿಚ್ಚಿ, ಪಲ್ಯ ಹಂಚಿಕೊಂಡು, ನಗುತ್ತ ಉಂಡು, ಮುಂದಿನ ಗಂಟೆಗೆ ಕೈ ಒರೆಸಿಕೊಂಡು ಎದ್ದರು. ಮಾಮನ ಶಾಸ್ತ್ರದ ಪ್ರಕಾರ ಭೂಲೋಕದಲ್ಲಿ ಇದಕ್ಕಿಂತ ಒಳ್ಳೆಯ ಉದ್ಯೋಗ ಇರಲಾರದು. ಬಿಎಸ್ಸಿ, ಎಂಎಸ್ಸಿ ಎಂದು ನಾನೂ ಮನಸ್ಸಿನಲ್ಲೇ ಹಣೆಬರಹ ಬರೆದುಕೊಂಡೆ. ಆದರೆ ಮಾಮ ನನ್ನ ಕಡೆ ಒಮ್ಮೆ ನೋಡಿ, “ನೋಡೂಣು” ಎಂದು ಸ್ಕೂಟರ್ ಏರಿದ. ತಾನೇ ಹಾಕಿದ ಪರೀಕ್ಷೆಯಲ್ಲಿ ಪೂರ್ತಿ ಅಂಕ ಬಂದವರನ್ನೂ ಫೇಲು ಮಾಡುವ ಈ ಮನುಷ್ಯನನ್ನು ಏನೆನ್ನಬೇಕು? ಅಪ್ಪ ಹೇಳುವುದೇ ಸರಿ ಇರಬಹುದು ಎಂದು ಮೊದಲ ಸಲ ಅನ್ನಿಸಿತು.

ಭಾನುವಾರ ಬಂತು. ಪಾಪಿನಾಯಕನಹಳ್ಳಿಯ ಒಬ್ಬ ರೈತ ಮಾಮನ ಗೆಳೆಯ. ಅವನ ಎಮ್ಮೆ ಬೆಳಗಿನಿಂದ ಈಯಲಾರದೆ ಒದ್ದಾಡುತ್ತಿದೆ ಎಂದು ಫೋನು ಬಂತು. “ಐದು ನಿಮಿಷ ಮಾತಾಡಿಸಿ ಬರೂಣು” ಎಂದು ಮಾಮ ನನ್ನನ್ನೂ ಕರೆದುಕೊಂಡು ಹೋದ. ಕೊಟ್ಟಿಗೆಯಲ್ಲಿ ಪಶುವೈದ್ಯೆ ಒಬ್ಬರು ತೋಳಿನವರೆಗೆ ಎಮ್ಮೆಯೊಳಗೆ ಕೈ ಹಾಕಿ, ನೆಲದ ಮೇಲೆ ಅಡ್ಡ ಮಲಗಿದ್ದರು.

“ಯಾರವ್ವಾ ನೀನು? ಬಾ ಇಲ್ಲೆ. ಈ ಹಗ್ಗ ಹಿಡಿ. ನಾ ಅಂದಾಗಷ್ಟ ಜಗ್ಗು.”

ನಾನು ಯಾರೆಂದು ಹೇಳಲು ಹೊತ್ತೇ ಇರಲಿಲ್ಲ. ಹಗ್ಗ ಹಿಡಿದೆ. ನನ್ನ ಹಿಂದೆ ರೈತ ಹಿಡಿದ. ಮಾಮ ಬಣವೆಯ ಕಡೆ ಮುಖ ಮಾಡಿ, “ಆತೇನು? ಆತೇನು?” ಎಂದು ಹುಲ್ಲನ್ನೇ ವಿಚಾರಿಸುತ್ತಿದ್ದ. ಕರು ಬಿತ್ತು. ಅಲುಗಲಿಲ್ಲ. ಡಾಕ್ಟರಮ್ಮ ಅದರ ಮೂಗಿಗೆ ಹುಲ್ಲುಕಡ್ಡಿ ಆಡಿಸಿದರು, ನನಗೆ ಗೋಣಿ ಕೊಟ್ಟು “ತಿಕ್ಕು, ಗಟ್ಟಿಯಾಗಿ” ಎಂದರು. ತಿಕ್ಕಿದೆ. ಕರು ಸೀನಿತು! ನನ್ನ ಮುಖದ ಮೇಲೆಯೇ ಸೀನಿತು. ಅಷ್ಟು ಖುಷಿ ನನಗೆ ರಿಸಲ್ಟ್ ಬಂದ ದಿನವೂ ಆಗಿರಲಿಲ್ಲ.

ಪಂಪ್‌ಸೆಟ್ಟಿನ ನೀರಿನಲ್ಲಿ ತೊಳೆದುಕೊಂಡು ಬದುವಿನ ಮೇಲೆ ಕೂತಾಗ ಹೊತ್ತು ಇಳಿದಿತ್ತು. ಮಾಮ ಅಭ್ಯಾಸಬಲದಿಂದ ಕೇಳಿಯೇಬಿಟ್ಟ.

“ಮೇಡಂ, ಮಧ್ಯಾಹ್ನ ಊಟ ಎಷ್ಟೊತ್ತಿಗೆ ಮಾಡ್ತೀರಿ?”

“ಎಮ್ಮಿ ಬಿಟ್ಟಾಗ.”

ಸೊನ್ನೆ ಎಂದುಕೊಂಡೆ. ಬುತ್ತಿ ಬಿಚ್ಚಿದೆವು. ಕರು ಯಾವಾಗ ಎದ್ದು ನಿಲ್ಲುತ್ತದೆ, ಕಾಲು ಮಡಚಿಕೊಂಡದ್ದು ಒಳಗೆ ಕೈಗೆ ಹೇಗೆ ಗೊತ್ತಾಯಿತು ಎಂದು ಬಾಯಿ ತುಂಬ ರೊಟ್ಟಿ ಇಟ್ಟುಕೊಂಡೇ ಡಾಕ್ಟರಮ್ಮನನ್ನು ಪೀಡಿಸಿದೆ. ತಲೆ ಎತ್ತಿದಾಗ ಬುತ್ತಿ ಖಾಲಿಯಾಗಿತ್ತು. ಅದರಲ್ಲಿ ಮಾಮನ ಪಾಲೂ ಇತ್ತು. ಅವನು ಬರಿದಾದ ಡಬ್ಬಿಯನ್ನೇ ನೋಡುತ್ತ ಕೂತಿದ್ದ.

ಕೈ ತೊಳೆಯಲು ಹೋದಾಗ ಬಣವೆಯ ಆಚೆ ಅವನು ಫೋನಿನಲ್ಲಿ ಮಾತಾಡುವುದು ಕೇಳಿಸಿತು.

“ಭಾವ, ಕೂಸು ಉಂಡೈತ್ರಿ... ಹೂನ್ರಿ, ಹೊಟ್ಟಿ ತುಂಬ. ರಿಸಲ್ಟ್ ಬಂದಾಗಿಂದ ಒಂದಿನ ಸರಿಯಾಗಿ ಉಂಡಿದ್ದಿಲ್ಲ ಅದು. ನೀವು ಯಾರೂ ನೋಡ್ಲಿಲ್ಲ. ಇವತ್ತ ನನಗೂ ಉಳಸಲಿಲ್ಲ ನೋಡ್ರಿ. ದನದ ಡಾಕ್ಟರ್ ಕೋರ್ಸನ್ನ ತುಂಬಸ್ರಿ. ಬ್ಯಾರೆ ಏನೂ ಬ್ಯಾಡ.”

ನಾನು ನೀರಿಗೆ ಹಿಡಿದ ಕೈಯನ್ನು ಹಾಗೇ ಹಿಡಿದುಕೊಂಡು ನಿಂತೆ. ಮನೆಯವರೆಲ್ಲ ನನ್ನ ಮಾರ್ಕ್ಸು ನೋಡುತ್ತಿದ್ದಾಗ ಇವನೊಬ್ಬ ನನ್ನ ತಟ್ಟೆ ನೋಡುತ್ತಿದ್ದ. ಅಳು ಬಂತು. ಮುಖವನ್ನೂ ತೊಳೆದುಕೊಂಡೆ.

ಈಗ ನಾನು ಚೋರನೂರಿನ ಕಡೆ ಪಶುವೈದ್ಯೆ. ಮಧ್ಯಾಹ್ನ ಗಿರಣಿ ನಿಲ್ಲಿಸಿದ ಕೂಡಲೇ ಮಾಮ ಫೋನು ಮಾಡುತ್ತಾನೆ.

“ಉಂಡ್ಯೇನವ್ವಾ?”

“ಇನ್ನಾ ಇಲ್ಲ ಮಾಮ. ಎಮ್ಮಿ ಬಿಟ್ಟಿಲ್ಲ.”

“ಹಸಿವಾಗೈತೇನು?”

“ಭಾಳ.”

“ಹಂಗಾರ ಸಾಕು ಬಿಡು” ಎಂದು ಫೋನು ಇಡುತ್ತಾನೆ.