ಸೂರ್ಯನಲ್ಲಿ ನೇರಳೆ ಖಾಲಿ

ಸೂರ್ಯನಲ್ಲಿ ನೇರಳೆ ಬಣ್ಣ ಖಾಲಿಯಾಗುತ್ತಿದೆ ಎಂದು ಜಗತ್ತಿನಲ್ಲೇ ಮೊದಲು ಕಂಡುಹಿಡಿದವರು ನಮ್ಮ ಚಿಕ್ಕಪ್ಪ. ಅದೂ ಕೊಪ್ಪದ ಬಸ್‌ಸ್ಟ್ಯಾಂಡಿನ ಪಕ್ಕ, ರವಿಕೆ ಬಟ್ಟೆ ಮಾರುವ ತಮ್ಮ ಮ್ಯಾಚಿಂಗ್ ಸೆಂಟರಿನ ಮೆಟ್ಟಿಲ ಮೇಲೆ ನಿಂತು!

ಅವರ ವೀಕ್ಷಣಾಲಯ ಒಂದು ಚಪ್ಪಲಿ ಡಬ್ಬಿ. ಒಂದು ತುದಿಗೆ ಬ್ಲೇಡಿನಿಂದ ಸೀಳಿದ ಕಿಂಡಿ, ಇನ್ನೊಂದು ತುದಿಗೆ ಕೆಟ್ಟ ಸಿ.ಡಿ.ಯ ಚೂರು. ಬಿಳಿ ಮೋಡಕ್ಕೆ ಹಿಡಿದು ಇಣುಕಿದರೆ ಬಿಸಿಲು ಕೆಂಪಿನಿಂದ ನೇರಳೆಯವರೆಗೆ ಬಿಡಿಸಿಕೊಳ್ಳುತ್ತದೆ. ಟ್ಯೂಬ್‌ಲೈಟಿಗೆ ಹಿಡಿದರೆ ನಾಲ್ಕಾರು ಬಿಡಿ ಗೆರೆಗಳು ಮಾತ್ರ. “ಟ್ಯೂಬ್‌ಲೈಟ್ ಸುಳ್ಳುಗಾರ” ಎಂದು ತೀರ್ಪಾದ ದಿನದಿಂದ ಸೀರೆ ಹಿಡಿದು ಬಂದ ಹೆಂಗಸರೆಲ್ಲ ರಸ್ತೆಗಿಳಿದು ಬಿಸಿಲಲ್ಲೇ ಬಣ್ಣ ನೋಡಬೇಕು. ಜೊತೆಗೆ ಖಗೋಳವನ್ನೂ ಕೇಳಬೇಕು!

“ನಕ್ಷತ್ರಕ್ಕೆ ಹೋಗಿ ಬಂದವರುಂಟಾ? ಅದರಲ್ಲಿ ಎಂತ ಉಂಟು ಅಂತ ಗೊತ್ತಾದದ್ದು ಹ್ಯಾಂಗೆ? ಬೆಳಕನ್ನ ಹೀಗೆ ಬಿಡಿಸಿ!”

“ನಕ್ಷತ್ರ ಎಲ್ಲೂ ಹೋಗೂದಿಲ್ಲ ಮಾರಾಯ್ರೇ, ಕಿಗ್ಗದ ಬಸ್ಸು ಹೋಗ್ತದೆ. ಬಟ್ಟೆ ಕತ್ತರಿಸಿ!” ಎನ್ನುವರು ಗಿರಾಕಿಗಳು.

ಒಮ್ಮೆ ಗ್ಯಾಸಿನ ಉರಿಗೆ ಉಪ್ಪು ಎರಚಿ ಹಳದಿ ಗೆರೆ ತೋರಿಸಿದರು. “ನೋಡು, ಉಪ್ಪಿನ ಈ ಧಾತು ಸೂರ್ಯನಲ್ಲೂ ಉಂಟು!”

“ಹಾಗಾದ್ರೆ ಸಾರಿಗೆ ಉಪ್ಪು ಅಲ್ಲಿಂದ್ಲೇ ತನ್ನಿ. ಮನೇಲಿದ್ದದ್ದನ್ನ ಒಲೆಗೆ ಹಾಕಿದ್ರಲ್ಲ” ಎಂದರು ಚಿಕ್ಕಮ್ಮ. (ನನ್ನ ಡೈರಿಯಲ್ಲಿ ಹೀಗೇ ಇದೆ. ಆದರೆ ಬರೆದವನೂ ನಾನೇ ತಾನೆ? ಖಾರ ತುಸು ಹೆಚ್ಚಾಗಿರಬಹುದು.)

ಊರಿಗೆ ಆಗಷ್ಟೇ ಮೊಬೈಲು ಬರುತ್ತಿದ್ದ ಆ ವರ್ಷ, ಬಣ್ಣದ ಪಟ್ಟಿಯ ತುದಿಯ ನೇರಳೆ ಚಿಕ್ಕಪ್ಪನಿಗೆ ಕಾಣದಾಯಿತು. ಸಿ.ಡಿ. ಬದಲಿಸಿದರು, ಡಬ್ಬಿ ಬದಲಿಸಿದರು. ಕೊನೆಗೆ ತಪ್ಪು ಸೂರ್ಯನದೇ ಎಂದರು. ನನಗೆ ಕಾಣುತ್ತದೆಯಲ್ಲ ಎಂದರೆ, “ನಿಂಗೆ ಕಾಣೂದು ನೆನಪು, ಬಣ್ಣ ಅಲ್ಲ” ಎಂದುಬಿಟ್ಟರು. ನೆನಪನ್ನು ನಂಬದ ನಾನು ಒಂದು ಕ್ಷಣ ಒಪ್ಪಿಯೂಬಿಟ್ಟೆ!

ಅಷ್ಟರಲ್ಲಿ ಶೃಂಗೇರಿಯವರೊಬ್ಬರು, ಕಡುನೀಲಿ ಸೀರೆಗೆ ಕಪ್ಪು ಬಟ್ಟೆ ಕೊಟ್ಟಿದ್ದೀರಿ ಎಂದು ವಾಪಸು ತಂದರು. ಬಣ್ಣ ತಪ್ಪುವ ಮ್ಯಾಚಿಂಗ್ ಸೆಂಟರಿಗೆ ಇನ್ನು ಯಾರು ಬಂದಾರು? ಕಣ್ಣು ತೋರಿಸಿ ಎಂದು ಚಿಕ್ಕಮ್ಮ ಬೇಡಿಕೊಂಡರು.

“ನನ್ನ ಕಣ್ಣಿಗೆ ಎಂತದೂ ಆಗ್ಲಿಲ್ಲ. ಸೂರ್ಯನ್ನ ತೋರಿಸು ಡಾಕ್ಟ್ರಿಗೆ!”

ಅಂದಿನಿಂದ ಚಿಕ್ಕಮ್ಮನೂ ಅಂಗಡಿಯಲ್ಲಿ ಕೂತರು. ಚಿಕ್ಕಪ್ಪ ಮೆಟ್ಟಿಲ ಮೇಲೆ ನಕ್ಷತ್ರ ಬಿಡಿಸುತ್ತಿದ್ದರೆ, ಒಳಗೆ ತಪ್ಪಿದ ಬಟ್ಟೆ ಸದ್ದಿಲ್ಲದೆ ಬದಲಾಗುತ್ತಿತ್ತು. ಒಂದು ವರ್ಷ ಹೀಗೇ ನಡೆಯಿತು. ಕೊನೆಗೆ, “ನರಸಿಂಹರಾಜಪುರದಲ್ಲಿ ಕಣ್ಣಿನ ಕ್ಯಾಂಪಂತೆ. ಡಾಕ್ಟ್ರ ಹತ್ರ ಭಾರೀ ಲೈಟ್ ಉಂಟಂತೆ, ಡಬ್ಬೀಲಿ ನೋಡಬಹುದು” ಎಂದರು ಚಿಕ್ಕಮ್ಮ. ಚಿಕ್ಕಪ್ಪ ಡಬ್ಬಿಯೊಂದಿಗೆ ಮೊದಲ ಬಸ್ಸನ್ನೇ ಹತ್ತಿದರು! ಅವರು ಲೈಟನ್ನು ನೋಡುವ ಮೊದಲೇ ಡಾಕ್ಟರು ಅವರ ಕಣ್ಣನ್ನು ನೋಡಿದರು. ಪೊರೆ.

ಆಪರೇಷನ್ ಮುಗಿದು ಪಟ್ಟಿ ಬಿಚ್ಚಿದ ಮೇಲೆ, ಅದೇ ಮೆಟ್ಟಿಲ ಮೇಲೆ ನಿಂತು ಮೋಡಕ್ಕೆ ಡಬ್ಬಿ ಹಿಡಿದರು. ಕೆಂಪಿನಿಂದ ಒಂದೊಂದೇ ಬಣ್ಣ ಎಣಿಸುತ್ತ ನೇರಳೆಗೆ ಮುಟ್ಟಿದರು.

“ಸೂರ್ಯನಿಗೆ ವಾಸಿ ಆಯ್ತಾ?” ಎಂದರು ಚಿಕ್ಕಮ್ಮ.

ತಿರುಗಿದ ಚಿಕ್ಕಪ್ಪನ ನಗು ಅಲ್ಲೇ ನಿಂತಿತು. ಚಿಕ್ಕಮ್ಮನದು ಅಚ್ಚ ನೇರಳೆ ಸೀರೆ, ಕೆಸರು ಬಣ್ಣದ ರವಿಕೆ.

“ಇದೆಂತದು ಮಾರಾಯ್ತಿ? ಯಾರು ಕೊಟ್ಟದ್ದು?”

“ನೀವೇ. ಹೋದ ಯುಗಾದಿಗೆ. ಬಿಸಿಲಿಗೆ ಹಿಡಿದು, ನೋಡಿ ಕೊಟ್ಟದ್ದು.”

“ಎಲ್ಲರಿಗೂ ಹೀಗೇ ಕೊಟ್ಟಿದ್ನಾ?”

“ಅವರದ್ದೆಲ್ಲ ಬದಲಿಸಿ ಕೊಟ್ಟಿದ್ದೇನೆ.”

“ಮತ್ತೆ ನಿಂದು?”

“ನೀವು ಆರಿಸಿದ್ದಲ್ದಾ” ಎಂದು ಚಿಕ್ಕಮ್ಮ ಒಳಗೆ ಹೋದರು.

ಚಿಕ್ಕಪ್ಪ ಡಬ್ಬಿಯನ್ನು ಮತ್ತೆ ಕಣ್ಣಿಗೆ ಒತ್ತಿಕೊಂಡರು. ಎಷ್ಟು ಹೊತ್ತಾದರೂ ಇಳಿಸಲಿಲ್ಲ. ಬೆಳಕು ಬರುವ ಕಿಂಡಿ ಮಾತ್ರ ನೆಲದ ಕಡೆಗಿತ್ತು.