ಯಾರನ್ನೂ ಕಚ್ಚದ ಮೊಲ

ಬಸ್ಸು ಹತ್ತುವ ಮುಂಚೆ ಬಂಗಾರಮ್ಮ ಗಂಡನಿಗೆ ಹೇಳಿದ್ದು ಒಂದೇ ಮಾತು.

"ಗೌರಿಗೆ ಸೊಪ್ಪ ತಂತಿ ಸಂದೀಲಿ ತೂರ್ಸಿ ಸುಮ್ಕಿರಿ. ಗೂಡೊಳಕೆ ಮಾತ್ರ ಕೈ ಆಕ್ಬ್ಯಾಡಿ."

ಗೌರಿ ಅಂದರೆ ಮೊಲ. ಹತ್ತಿಯ ಉಂಡೆಗೆ ಕಿವಿ ಹೊಲಿದಂತಿದ್ದ ಬಿಳಿ ಮೊಲ. ಮಕ್ಕಳಿಲ್ಲದ ಮನೆಗೆ ತಾಳವಾಡಿ ಸಂತೆಯಿಂದ ಬಂಗಾರಮ್ಮನೇ ಮಡಿಲಲ್ಲಿಟ್ಟುಕೊಂಡು ತಂದಿದ್ದಳು. ವೃಷಭೇಂದ್ರ ಹೆಂಡತಿ ಬೇಡ ಎಂದದ್ದನ್ನು ಬೇಕೆಂದೇ ಮಾಡುವ ಗಂಡನಲ್ಲ. ಅವನ ಕೈಯಲ್ಲಿ ಅದು ತಾನಾಗಿಯೇ ಆಗಿಬಿಡುತ್ತಿತ್ತು.

ದೊಡ್ಡಗಾಜನೂರಿಗೆ ಮರುದಿನ ಬೆಟ್ಟದ ಮಠದ ಸ್ವಾಮಿಗಳು, ಊರವರ ಬಾಯಲ್ಲಿ 'ಬುದ್ಧಿಯೋರು', ಬರುವವರಿದ್ದರು. ಬಂದರೆ ಪಾದಪೂಜೆ, ಪ್ರಸಾದ ಎಲ್ಲ ಒಂದೇ ಮನೆಯಲ್ಲಿ. ಅದು ಯಾರ ಮನೆ ಎಂಬುದನ್ನು ಹಿಂದಿನ ಸಂಜೆ ಊರಿನ ಯಜಮಾನರಾದ ಚಿಕ್ಕಬಸಪ್ಪನವರು ಊರ ಮಠದ ಜಗಲಿಯ ಮೇಲೆ ಕೂತು ಹೇಳುವುದು ರೂಢಿ. ವೃಷಭೇಂದ್ರನ ಅಪ್ಪನ ಕಾಲದಲ್ಲೂ ಆ ಹೆಸರು ಇವರ ಮನೆಗೆ ಬಂದಿರಲಿಲ್ಲ. ಈ ಸಲ ಬಾಯಿಂದ ಬಾಯಿಗೆ ಓಡಾಡುತ್ತಿದ್ದುದು ಎರಡೇ ಹೆಸರು. ಒಂದು ಅವನದು, ಇನ್ನೊಂದು ಪಕ್ಕದ ಮನೆ ರಾಚಪ್ಪನದು. ಬಂಗಾರಮ್ಮನಿಗೆ ಎಷ್ಟು ನಂಬಿಕೆಯೆಂದರೆ, ಹೆಸರು ಹೇಳುವುದಕ್ಕೂ ಮುಂಚೆಯೇ ಅಡುಗೆಯ ದೊಡ್ಡ ತಪ್ಪಲೆಗಳನ್ನು ತರಲು ಗುಮಟಾಪುರದ ತವರಿಗೆ ಹೊರಟಿದ್ದಳು.

ಹೆಂಡತಿ ಹೋದಮೇಲೆ ವೃಷಭೇಂದ್ರ ಅಂಗಳ ಗುಡಿಸಿದ, ಹೊಸಿಲು ತೊಳೆದ, ಪಡಸಾಲೆಯ ಜೇಡರ ಬಲೆ ತೆಗೆದ. ಕೊನೆಗೆ ಕಣ್ಣು ಬಿದ್ದದ್ದು ಪಡಸಾಲೆಯ ಮೂಲೆಯ ಗೂಡಿನ ಮೇಲೆ. ಒಳಗೆ ಕರಿಮೆಣಸು ಚೆಲ್ಲಿದ ಹಾಗೆ ಹಿಕ್ಕೆ. ಚಿಕ್ಕಬಸಪ್ಪನವರು ದಾರಿಯಲ್ಲಿ ಹೋಗುವಾಗ ಹಾಗೇ ಒಳಗೆ ಇಣುಕಿದರೆ? ಸ್ವಾಮಿಗಳು ಕೂರುವ ಪಡಸಾಲೆ! ಅವನು ಗೂಡಿನ ಬಾಗಿಲು ತೆಗೆದು ಕೈ ತೂರಿಸಿದ. ಗೌರಿ ಹಿಂಗಾಲನ್ನು ನೆಲಕ್ಕೆ ಧಪ್ ಎಂದು ಬಡಿಯಿತು. ಆಹಾ, ನನ್ನ ಗುರುತು ಹಿಡಿಯಿತು ಎಂದುಕೊಂಡು ಅವನು ಕೈಯನ್ನು ಇನ್ನಷ್ಟು ಒಳಗೆ ಚಾಚಿದ.

ಅವನ ಕೂಗಿಗೆ ಹಿತ್ತಲ ಮರದ ಕಾಗೆಗಳೆಲ್ಲ ಹಾರಿದವು. ಅತ್ತಲಿಂದ ರಾಚಪ್ಪನ ತಲೆ ಬೇಲಿಯ ಮೇಲೆ ಎದ್ದಿತು. ಇತ್ತ ಒಲೆಯಲ್ಲಿ ಸೌದೆ ಸಿಡಿದರೂ ಏಳುವ ತಲೆ ಅದು.

"ಏನಾಯ್ತಣ್ಣ? ಆವು ಗೀವು ಬಂತಾ?"

"ಏನಿಲ್ಲ ಓಗಪ್ಪ. ಮೊಲ ಒಸಿ ಬೆರಳ ಕಚ್ತು."

"ಒಸಿಯಾ? ರಕ್ತ ನೋಡಣ್ಣ, ಕಾಯ್ ಒಡ್ದಂಗೆ ಸುರೀತಾ ಅದ! ಎಸ್ರು ವೃಷಭೇಂದ್ರ, ಕಚ್ಚಿಸ್ಕಂಡದ್ದು ಮೊಲದ ಕೈಲಿ!" ರಾಚಪ್ಪ ಬೇಲಿ ದಾಟಿ ಬಂದೇಬಿಟ್ಟ. "ಇದ ಅಂಗೇ ಬುಡಬಾರ್ದು. ಮೊಲಕ್ಕೂ ಉಚ್ಚು ಇಡೀತದಂತೆ. ಆಮೇಲೆ ನೀನು ನಾಳೆ ಬುದ್ಧಿಯೋರ ಮುಂದೆ ಕಿವಿ ನಿಗರ್ಸ್ಕಂಡು ಕುಣುದ್ರ? ನಡಿ, ಗಾಡಿ ಅತ್ತು."

ಬೇಡವೆನ್ನುವಷ್ಟರಲ್ಲಿ ವೃಷಭೇಂದ್ರ ರಾಚಪ್ಪನ ಮೊಪೆಡ್ಡಿನ ಹಿಂದೆ ಕೂತಾಗಿತ್ತು. ಬೀದಿಯುದ್ದಕ್ಕೂ ಜನ ಕೈಗೆ ಸುತ್ತಿದ ಟವೆಲನ್ನು ನೋಡಿದರು. ರಾಚಪ್ಪ ಯಾರೂ ಕೇಳದಿದ್ದರೂ ಗಾಡಿ ನಿಧಾನ ಮಾಡಿ ಉತ್ತರ ಕೊಟ್ಟ.

ತಾಳವಾಡಿಯ ಆಸ್ಪತ್ರೆಯಲ್ಲಿ ದೊಡ್ಡ ಸಾಲು. ನರ್ಸು ಸೆಲ್ವಿ ಘಟ್ಟದ ಕೆಳಗಿನ ತಮಿಳು ಸೀಮೆಯಿಂದ ಬಂದವಳು. ಇಲ್ಲಿನವರ ಜೊತೆ ಗುದ್ದಾಡಿ ಗುದ್ದಾಡಿ ಕನ್ನಡ ಕಲಿತಿದ್ದಳು.

"ಏನು ಕಚ್ಚಿದ್ದು?"

"ಮೊಲ ಕಣಮ್ಮ," ಎಂದ ವೃಷಭೇಂದ್ರ, ದೇವರ ಮುಂದೆ ತಪ್ಪು ಒಪ್ಪಿಕೊಳ್ಳುವಷ್ಟು ಮೆಲ್ಲಗೆ.

"ಕೇಳಿಸಲಿಲ್ಲ. ಜೋರಾಗಿ ಹೇಳಿ."

ಸಾಲಿನಲ್ಲಿದ್ದ ಯಾರಿಗೂ ಅನ್ಯಾಯವಾಗಬಾರದೆಂದು ರಾಚಪ್ಪ ಎರಡೂ ಭಾಷೆಯಲ್ಲಿ ಕೂಗಿದ. "ಮೊಲ ಕಣಮ್ಮ, ಮೊಲ! ಮುಯಲ್! ಮುಯಲ್!"

ಮೊಣಕಾಲು ನೋವಿಗೆ ಮಾತ್ರೆ ತೆಗೆದುಕೊಳ್ಳಲು ಬಂದಿದ್ದ ಕಾಡು ಕಾವಲಿನ ದೊಡ್ಡಮಾದ ಬೆಂಚಿನ ಮೇಲೆ ಕೂತೇ ನಕ್ಕ. "ನಾನುಟ್ಟಿದ್ದೇ ಕಾಡ್ನಾಗೆ ಸ್ವಾಮಿ. ಮೊಲ ಮನ್ಸನ ಕಂಡ್ರೆ ಓಡ್ತದೆ, ಕಚ್ಚೋದ್ನ ನಾ ಕಾಣೆ. ಉರುಲ್ಗೆ ಬಿದ್ದಿದ್ದ ಇಡ್ಯಕೋದ್ರ ಕಚ್ಬೋದೇನೋ."

ದೊಡ್ಡಮಾದ ಹೇಳಿದ್ದು ತಮಾಷೆಗೆ. ಆದರೆ ಆ ಮಾತು ಸಾಲಿನಲ್ಲಿ ಮುಂದೆ ಹೋಗುತ್ತಾ ಹೋಗುತ್ತಾ ನಗೆಯನ್ನು ಬಿಟ್ಟು ಉರುಲನ್ನು ಮಾತ್ರ ಹೊತ್ತುಕೊಂಡು ಹೋಯಿತು. ಸೆಲ್ವಿ ಗಾಯ ತೊಳೆದು, ಒಂದು ಸೂಜಿ ಚುಚ್ಚಿ, ಕುಂಬಳಕಾಯಿಗೆ ಬಟ್ಟೆ ಕಟ್ಟಿದಂತೆ ಕೈಗೆ ಪಟ್ಟಿ ಸುತ್ತಿ ಕಳಿಸಿದಳು.

ವಾಪಸು ಬರುವ ದಾರಿಯಲ್ಲಿ ರಾಚಪ್ಪ ಗೆಳೆಯನ ಮಾನ ಕಾಯುವ ಕೆಲಸಕ್ಕೆ ನಿಂತ. ಟೀ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ, "ನಮ್ ವೃಷಭಣ್ಣ ಉರುಲ ಒಡ್ಡೋನಲ್ಲ ಕಣ್ರಪ್ಪ. ಯಾರಾರ ಅಂಗಂದ್ರ ನಂಬ್ಬ್ಯಾಡಿ," ಎಂದ. ಅಲ್ಲಿಯವರೆಗೆ ಅಲ್ಲಿ ಯಾರೂ ಹಾಗೆ ಅಂದಿರಲಿಲ್ಲ. ಹಾಲಿನ ಡೈರಿಯ ಮುಂದೆ, "ಲಿಂಗ ಕಟ್ದೋನು ಮೊಲದ ಸಾರ ಮುಟ್ಟಾನಾ? ಎಲ್ಲಾರ ಉಂಟಾ?" ಎಂದ. ಕೋಸಿನ ಲಾರಿಗೆ ಮೂಟೆ ತುಂಬುತ್ತಿದ್ದವರ ಹತ್ತಿರ, "ಇವರ ಮನೇಲಿ ಮಸಾಲೆ ಅರೆದ ವಾಸ್ನೆ ಬಂದುದ್ದು ಆಲೂಗೆಡ್ಡೆಗೆ ಕಣ್ಲಾ, ಆಣೆಗೂ ಆಲೂಗೆಡ್ಡೆಗೆ," ಎಂದ.

"ರಾಚಪ್ಪ, ನೀನು ಸುಮ್ನೆ ಗಾಡಿ ಬುಡಪ್ಪ," ಎಂದು ವೃಷಭೇಂದ್ರ ಅಂಗಲಾಚಿದ.

"ನೀ ಎದರ್ಬ್ಯಾಡಣ್ಣ. ನಾನಿಲ್ವಾ?"

ಮನೆ ಸೇರುವ ಹೊತ್ತಿಗೆ ಚಿಕ್ಕಬಸಪ್ಪನವರ ಕರೆ ಅವನಿಗಿಂತ ಮುಂಚೆ ಬಂದು ಬಾಗಿಲಲ್ಲಿ ನಿಂತಿತ್ತು. ಸಂಜೆ ಜಗಲಿಗೆ ಬರಬೇಕಂತೆ. ಮೊಲದ ವಿಚಾರವಂತೆ.

ವೃಷಭೇಂದ್ರ ಹೆಂಡತಿಗೆ ಫೋನು ಮಾಡಿದ.

"ಗೂಡ್ಗೆ ಕೈ ಆಕುದ್ರಾ?" ಬಂಗಾರಮ್ಮನ ಮೊದಲ ಪ್ರಶ್ನೆಯೇ ಅದು. "ಬಡ್ಕಂಡೆ ನಾನು! ಅದು ಅದರ ಮನೆ ಕಣೀ. ಯಾರೋ ಏಳ್ದೆ ಕೇಳ್ದೆ ನಿಮ್ ಮನೆ ಒಳಕ್ಕೆ ತೋಳ ತೂರ್ಸುದ್ರ ನೀವು ಸುಮ್ನಿದ್ದೀರಾ? ಆಚ್ಗೆ ಬಂದ್ರ ಅದು ಬಸವಣ್ಣ. ಒಳಗಿದ್ರ ಉಲಿ. ನನ್ನೂ ಮೊದಮೊದ್ಲು ಕಚ್ತು, ನಾನೇನು ಊರ್ಗೆಲ್ಲ ತೋರ್ಸ್ಕಂಡು ಬಂದ್ನಾ?"

"ಈಗೇನ್ ಮಾಡ್ಲೇ? ಜಗಲಿಗೆ ಕರೆದವ್ರೆ. ನಾನು ಕಾಡು ಮೊಲ ಇಡ್ದು ತಿಂದೆ ಅಂತವ್ರೆ."

"ಗೌರೀನೇ ಎತ್ಕಂಡೋಗಿ ತೋರ್ಸಿ. ಬಾಗ್ಲ ತಗುದು ಕೊತ್ಮಿರಿ ಸೊಪ್ಪ ಆಚ್ಗಿಟ್ಟು ಕೂತ್ಕಳಿ. ಕೈ ಚಾಚ್ಬ್ಯಾಡಿ. ಅದೇ ಬರ್ಲಿ. ಪಾದಪೂಜೆ ಏನಾರ ತಪ್ಪೋಯ್ತು ಅಂದ್ರ ಈ ತಪ್ಪಲೇಲಿ ನಿಮ್ಮನ್ನೇ ಬೇಯಿಸ್ಬುಡ್ತೀನಿ!"

ವೃಷಭೇಂದ್ರ ಬಾಗಿಲು ತೆಗೆದು, ಸೊಪ್ಪಿಟ್ಟು, ಗೂಡಿನ ಮುಂದೆ ಚಕ್ಕಂಬಕ್ಕಳ ಹಾಕಿ ಕೂತ. ಗೌರಿ ಒಳಗಿನಿಂದ ಅವನನ್ನು ಸಾಹುಕಾರರು ಕೂಲಿಯಾಳನ್ನು ನೋಡುವ ಹಾಗೆ ನೋಡಿತು. ಮೂಗು ಅಲುಗಿಸಿತು. ಬೆನ್ನು ತಿರುಗಿಸಿ ಕೂತಿತು. ಬಿಸಿಲು ಅಂಗಳ ದಾಟಿತು. ಅವನ ಕಾಲು ಜೋಮು ಹಿಡಿಯಿತು. ಮುಖದ ಮೇಲೆ ನೊಣ ಕೂತರೂ ಅವನು ಕೈ ಎತ್ತಲಿಲ್ಲ. ಇಷ್ಟು ಏಕಾಗ್ರತೆ ಅವನಿಗೆ ಪೂಜೆಯಲ್ಲಿ ಕೂತಾಗಲೂ ಬಂದದ್ದಿಲ್ಲ. ಕೊನೆಗೆ ಗೌರಿ ಒಂದೊಂದೇ ಹೆಜ್ಜೆ ಹಾಕಿ ಹೊರಗೆ ಬಂದು, ಸೊಪ್ಪು ತಿಂದು, ಅವನ ತೊಡೆ ಹತ್ತಿ ಗದ್ದ ಉಜ್ಜಿ ಮಲಗಿತು. ಬೆಳಿಗ್ಗೆ ಕಚ್ಚಿದ್ದು ಬೇರೆ ಯಾವುದೋ ಊರಿನ ಮೊಲ ಎಂಬಂತೆ.

ಜಗಲಿಯಲ್ಲಿ ಊರಿಗೆ ಊರೇ ಸೇರಿತ್ತು. ದೊಡ್ಡಮಾದನನ್ನೂ ಕರೆಸಿದ್ದರು. ವೃಷಭೇಂದ್ರ ಗೌರಿಯನ್ನು ಸುತ್ತಿ ತಂದಿದ್ದ ಟವೆಲು ಬಿಡಿಸಿದ್ದೇ ತಡ, ದೊಡ್ಡಮಾದ ಕೈ ಜಾಡಿಸಿದ. "ಅಯ್ಯೋ, ಇದು ಸಂತೆ ಮೊಲ ಬುಡಿ. ಕಾಡ್ಮೊಲ ಮಣ್ಣಿನ ಬಣ್ಣಕ್ಕಿರ್ತದೆ. ಇಂಗೆ ಬೆಳ್ಳಗಿದ್ರ ಒಂದು ರಾತ್ರೀನೂ ಬದ್ಕಾಕಿಲ್ಲ."

ಊರು ಉಸಿರು ಬಿಟ್ಟಿತು. ಚಿಕ್ಕಬಸಪ್ಪನವರು ಮೊಲವನ್ನು ತೊಡೆಯ ಮೇಲೆ ಇಟ್ಟುಕೊಂಡರು. ಕಿವಿ ನೀವಿದರು, ಹೊಟ್ಟೆ ನೀವಿದರು, ಬಾಯಿಗೆ ಬೆರಳಿಟ್ಟರು. ಗೌರಿ ಕಣ್ಣು ಮುಚ್ಚಿ ಸಹಿಸಿಕೊಂಡಿತು. ಮೊಲ ತೊಡೆಯಿಂದ ತೊಡೆಗೆ ಹೋಗಿ ಸುತ್ತಿ ಬಂತು. ಎಲ್ಲರೂ ಅದರ ಸಾಧುತನ ಕೊಂಡಾಡಿದರು.

ಆಗ ರಾಚಪ್ಪ ಗಂಟಲು ಸರಿಮಾಡಿಕೊಂಡ. "ನಮ್ ವೃಷಭಣ್ಣ ತುಂಬ ಒಳ್ಳೇನು ಕಣ್ರಪ್ಪ. ಆದ್ರೂ ಒಂದು ಮಾತು. ಇಷ್ಟು ಸಾಧು ಪ್ರಾಣಿ ಒಬ್ಬರ ಕೈನ ಕಚ್ಚಬೇಕಾದ್ರ, ಆ ಕೈ ಅದಕ್ಕೇನು ಮಾಡಿರ್ಬೇಕು? ಕುತ್ಗೆ ಗಿತ್ಗೆಗೆ... ಛೇ, ನಾನು ಅಂಗನ್ನಲ್ಲಪ್ಪ."

ಎಲ್ಲರ ಕಣ್ಣೂ ವೃಷಭೇಂದ್ರನ ಪಟ್ಟಿ ಸುತ್ತಿದ ಕೈಯ ಮೇಲೆ. ಗೂಡು, ಅದರ ಮನೆ, ಒಳಗಿದ್ದರೆ ಹುಲಿ ಎಂಬುದನ್ನೆಲ್ಲ ವಿವರಿಸಲು ಅವನು ಬಾಯಿ ತೆರೆದ. ಆದರೆ ಅಷ್ಟುದ್ದದ ಸತ್ಯ ಹೇಳುವ ಧೈರ್ಯ ಬರಲಿಲ್ಲ. ಬಾಯಿಂದ ಹೊರಬಿದ್ದದ್ದು ಗಿಡ್ಡದೊಂದು ಸುಳ್ಳು.

"ಮೊಲ ಕಚ್ಚೇ ಇಲ್ಲ ಕಣಪ್ಪ! ಗೂಡಿನ ತಂತಿ ಗೀರ್ತು. ಗಾಬ್ರೀಲಿ ಮೊಲ ಅಂದ್ಬುಟ್ಟೆ. ಇದು ಯಾರ್ನೂ ಕಚ್ಚೋ ಪ್ರಾಣಿನೇ ಅಲ್ಲ. ಒಳಗಿರ್ಲಿ, ಆಚ್ಗಿರ್ಲಿ, ನಿದ್ದೇಲೂ ಕಚ್ಚಕಿಲ್ಲ. ಬೇಕಾದ್ರ ಮಠದ ಬಾಗ್ಲ ಮುಟ್ಟಿ ಏಳ್ತೀನಿ!"

ಹೇಳುವುದೇನು, ಮುಟ್ಟಿಯೇಬಿಟ್ಟ.

ಚಿಕ್ಕಬಸಪ್ಪನವರ ಮುಖ ಅರಳಿತು. "ಸಾಕು ಬುಡ್ಲಾ. ಬಾಯಿಲ್ಲದ ಪ್ರಾಣೀನ ಇಷ್ಟು ಪಿರೂತೀಲಿ ಸಾಕಿದ್ದೀಯೆ. ಇದಕ್ಕಿಂತ ಮಡಿ ಇನ್ನೇನದ? ನಾಳೆ ಪಾದಪೂಜೆ ವೃಷಭೇಂದ್ರನ ಮನೇಲಿ."

ವೃಷಭೇಂದ್ರನ ಕಣ್ಣಲ್ಲಿ ನೀರಾಡಿತು. ಅಪ್ಪನಿಗೂ ಸಿಗದ ಹೆಸರು! ಬಂಗಾರಮ್ಮನ ತಪ್ಪಲೆ ಸಾರ್ಥಕವಾಯಿತು. ಅವನು ಜಗಲಿಯ ಮೇಲೆ ಉದ್ದಕ್ಕೆ ಅಡ್ಡಬಿದ್ದ.

ಚಿಕ್ಕಬಸಪ್ಪನವರು ಅಲ್ಲಿಂದಲೇ ಬೆಟ್ಟದ ಮಠಕ್ಕೆ ಫೋನು ಹಚ್ಚಿದರು. ಮನೆಯ ಹೆಸರು ಹೇಳಿದರು, ಮೊಲದ ಕತೆಯನ್ನೂ ಹೇಳಿದರು. ಆ ಕಡೆಯಿಂದ ಬಹಳ ಹೊತ್ತು ಮಾತು ಬಂತು. ಇವರು ಒಂದೊಂದಕ್ಕೂ "ಅಪ್ಪಣೆ ಬುದ್ಧಿ" ಎನ್ನುತ್ತಾ ತಲೆಯಾಡಿಸಿ, ಫೋನು ಇಟ್ಟು ಕಣ್ಣೊರಸಿಕೊಂಡರು.

"ಪುಣ್ಯವಂತ ಕಣ್ಲಾ ನೀನು! ಬುದ್ಧಿಯೋರ್ಗೆ ಪ್ರಾಣಿ ಅಂದ್ರ ಪ್ರಾಣವಂತೆ. ನಾಳೆ ಪೂಜೆ ಮುಗುದ್ಮೇಲೆ ಮೊದ್ಲ ಪ್ರಸಾದ ಮೊಲಕ್ಕೆ ಅವರೇ ತಿನ್ನಿಸ್ತಾರಂತೆ. ಅವರ ಕೈಯಾರೆ."

ವೃಷಭೇಂದ್ರ ಬಿದ್ದಲ್ಲಿಂದ ತಲೆ ಎತ್ತಿದ. "ಅಂಗಾದ್ರ... ಮೊಲನ ಆಚ್ಗೆ ತಂದು ಬುದ್ಧಿಯೋರ ಪಾದದ ತಾವು ಇಡ್ತೀನಿ."

"ಉಂಟಾ! ಅವರು ಯಾವ ಪ್ರಾಣೀನೂ ಅದಿದ್ದ ಜಾಗದಿಂದ ಎಬ್ಬಿಸಕಿಲ್ವಂತೆ. ಅಸೂನ ಕೊಟ್ಟಿಗೇಲೇ ನೋಡ್ತಾರಂತೆ, ಮೊಲನ ಗೂಡ್ನಲ್ಲೇ. ಅವರೇ ಗೂಡೊಳಕೆ ಕೈ ಇಟ್ಟು ತಲೆ ನೇವರಿಸಿ ತಿನ್ನಿಸ್ತಾರಂತೆ."

"ಆಗ ನಾನು ಪಟ ತೆಗಿತೀನಿ," ಎಂದ ರಾಚಪ್ಪ ಮೊಬೈಲು ಒರೆಸುತ್ತಾ. "ಊರ್ಗೆಲ್ಲ ಕಳಿಸ್ಬೇಕಲ್ಲ."

ಮೊಲವನ್ನು ತೊಡೆಯಿಂದ ಎತ್ತಿ ಕೊಡುತ್ತಾ ಚಿಕ್ಕಬಸಪ್ಪನವರು ವೃಷಭೇಂದ್ರನ ಮುಖ ನೋಡಿದರು.

"ಯಾಕ್ಲಾ ಇಂಗೆ ಬೆವರ್ತಾ ಇದ್ದೀಯೆ?"

"ಸಂತೋಸಕ್ಕೆ ಕಣಪ್ಪ," ಎಂದ ವೃಷಭೇಂದ್ರ. "ಬರೀ ಸಂತೋಸಕ್ಕೆ."