ಸುಬೇದಾರರ ಹೆಬ್ಬೆರಳುದ್ದದ ಟ್ಯಾಂಕುಗಳು

ಕೆಲವರ ಪಕ್ಕದ ಮನೆಯಲ್ಲಿದ್ದರೆ ಸಾಕು, ನಗೋದಕ್ಕೆ ಬೇರೆಲ್ಲೂ ಹೋಗಬೇಕಾಗಿಲ್ಲ. ಅರವತ್ತರ ದಶಕದಲ್ಲಿ ನಾನು ಯಲಹಂಕದಲ್ಲಿ ಮೇಷ್ಟ್ರಾಗಿದ್ದಾಗ ಪಕ್ಕದ ಮನೆಯಲ್ಲಿ ಸೈನ್ಯದಿಂದ ನಿವೃತ್ತರಾದ ಸುಬೇದಾರರಿದ್ದರು. ಸರ್ವೀಸಿನಲ್ಲಿ ನಿಜವಾದ ಟ್ಯಾಂಕ್ ಓಡಿಸಿದವರು, ಈಗ ಹೆಬ್ಬೆರಳುದ್ದದ ಟ್ಯಾಂಕುಗಳನ್ನು ಮರದಲ್ಲಿ ಕೆತ್ತುತ್ತಿದ್ದರು. ಫಿರಂಗಿಗೆ ಗುಂಡುಸೂಜಿ, ಹೆಡ್‌ಲೈಟಿಗೆ ಎರಡು ಸಾಸಿವೆ ಕಾಳು. ನಾಲ್ಕೇ ಕೂದಲಿನ ಬ್ರಷ್ ಹಿಡಿದು ಅವರು ಬಣ್ಣ ಹಚ್ಚುವಾಗ ನೋಡುತ್ತಿದ್ದ ನಾನೂ ಉಸಿರು ಬಿಗಿಹಿಡಿಯುತ್ತಿದ್ದೆ. ಭಾನುವಾರ ಅವನ್ನು ನೆಲದ ಮೇಲಿಟ್ಟು, ದಾಳ ಹಾಕಿ, ಅಡಿಕೋಲಿನಲ್ಲಿ ದೂರ ಅಳೆದು, ಇಬ್ಬರೂ ಯುದ್ಧ ಆಡುತ್ತಿದ್ದೆವು. ಸೋಲು ಮಾತ್ರ ಯಾವಾಗಲೂ ನನ್ನದೇ.

ಬಣ್ಣದಂಗಡಿ

ಒಮ್ಮೆ ಯಶವಂತಪುರದ ಬಣ್ಣದಂಗಡಿಗೆ ಹೋದೆವು.

"ಟ್ಯಾಂಕಿಗೆ ಹೊಡೆಯೋ ಹಸಿರು ಬಣ್ಣ ಕೊಡಿ" ಅಂದರು ಸುಬೇದಾರರು.

"ಟ್ಯಾಂಕಿಗೆ ಬಣ್ಣ ಯಾಕೆ ಸ್ವಾಮಿ? ಸಿಮೆಂಟ್ ಬಳಿಸಿ, ಸೋರಲ್ಲ. ಎಷ್ಟು ನೀರು ಹಿಡಿಯುತ್ತೆ?"

ಸುಬೇದಾರರು ಜೇಬಿನಿಂದ ಟ್ಯಾಂಕ್ ತೆಗೆದು ಅಂಗೈ ಮೇಲಿಟ್ಟರು. ಅಂಗಡಿಯವರು ಕನ್ನಡಕ ಏರಿಸಿ ತಿರುಗಿಸಿ ತಿರುಗಿಸಿ ನೋಡಿ, ಮೆತ್ತಗೆ ಕೇಳಿದರು: "ಒಳಗೆ ಕೂತಿರೋರಿಗೆ ಗಾಳಿ ಆಡುತ್ತಾ?"

ಕೆರೆ

ಆಟಕ್ಕೆಂದು ಸುಬೇದಾರರ ಹಾಲ್‌ನ ನೆಲದ ಮೇಲೆ ಸೀಮೆಸುಣ್ಣದಲ್ಲಿ ನಮ್ಮ ಸುತ್ತಮುತ್ತಲಿನ ಊರುಗಳನ್ನೇ ಬರೆದುಕೊಳ್ಳುತ್ತಿದ್ದೆವು. ಒಂದು ಭಾನುವಾರ ಅವರ ಹೆಂಡತಿ ಕಾಫಿ ತಂದರು. ಸುಬೇದಾರರು ಕೈ ಅಡ್ಡ ಹಿಡಿದರು.

"ನಿಲ್ಲು! ಕಾಲಿಡಬೇಡ, ಅದು ಹೆಬ್ಬಾಳದ ಕೆರೆ."

"ಸರಿ ಕಣ್ರೀ. ಕಾಫಿ ಈ ದಡದಲ್ಲೇ ಇರ್ಲಿ."

ಸುಬೇದಾರರು ಪಂಚೆ ತುದಿಯಿಂದ ಕೆರೆಯನ್ನು ಒರೆಸಿಹಾಕಿ, "ಬತ್ತಿ ಹೋಯ್ತು, ಬಾ!" ಅಂದರು.

ಬೊಂಬೆ

ದಸರಾ ಬೊಂಬೆ ಕೂರಿಸುವಾಗ ನನ್ನ ಹೆಂಡತಿ ಚೆಂದಕ್ಕೆಂದು ಅವರ ಟ್ಯಾಂಕುಗಳನ್ನು ಕೇಳಿ ತಂದು, ಪಟ್ಟದ ಬೊಂಬೆಗಳ ಸುತ್ತ ಜೋಡಿಸಿದಳು. ನೋಡಲು ಬಂದ ಸುಬೇದಾರರ ಮುಖ ಕಪ್ಪಿಟ್ಟಿತು.

"ಏನಮ್ಮಾ ಇದು! ಅಕ್ಕಿ ಬೇಳೆ ಮಾರೋ ಶೆಟ್ಟರನ್ನ ಮುಂದೆ ನಿಲ್ಲಿಸಿದೀಯ? ಶತ್ರು ಬಂದ್ರೆ ಮೊದಲು ಊಟ ಹೋಯ್ತಲ್ಲ!"

ಒಂದು ಗಂಟೆ ಕೂತು ಶೆಟ್ಟರನ್ನು ಹಿಂದಕ್ಕೆ ಸರಿಸಿ, ಆನೆ ಕುದುರೆಗಳನ್ನು ಎರಡು ಪಕ್ಕಕ್ಕೆ ಹಾಕಿ, ಟ್ಯಾಂಕುಗಳನ್ನು ಮುಂದೆ ತಂದರು. ನಿಜ ಹೇಳಬೇಕೆಂದರೆ, ಅಷ್ಟು ಲಕ್ಷಣವಾಗಿ ನಮ್ಮ ಮನೆಯಲ್ಲಿ ಬೊಂಬೆ ಹಿಂದೆಂದೂ ಕೂತಿರಲಿಲ್ಲ. ಆ ವರ್ಷ ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರಿಗಿಂತ ಅವರ ಹಿಂದೆ ಬಂದ ಗಂಡಸರೇ ಹೆಚ್ಚು.

ದಾಳಿ

ಗಡಿಯಲ್ಲಿ ಯುದ್ಧ ನಡೆಯುತ್ತಿದ್ದ ದಿನಗಳು. ಗೂಢಚಾರರಿದ್ದಾರೆ ಅಂತ ಎಲ್ಲರಿಗೂ ಎಲ್ಲರ ಮೇಲೂ ಅನುಮಾನ. ಅದನ್ನು ಮರೆತು ನಾವು ಬಸ್ಸಿನಲ್ಲಿ ಮಾತಾಡುತ್ತಿದ್ದೆವು.

"ಮೇಷ್ಟ್ರೇ, ನಾಳೆ ಹತ್ತು ಗಂಟೆಗೆ ಜಕ್ಕೂರಿನ ಕಡೆಯಿಂದ ನನ್ನ ಎಂಟು ಟ್ಯಾಂಕ್ ನುಗ್ಗುತ್ವೆ."

"ಬರ್ಲಿ ಬಿಡಿ. ಕೊಡಿಗೇಹಳ್ಳಿ ಹತ್ರ ಬಾಂಬ್ ಹೂತಿಟ್ಟಿದ್ದೀನಿ."

ಮುಂದಿನ ಸೀಟಿನಲ್ಲಿದ್ದ ನಮ್ಮೂರಿನವರೊಬ್ಬರು ತಟಕ್ಕನೆ ಎದ್ದು ಇಳಿದುಹೋದರು.

ಮಾರನೆ ದಿನ ಹತ್ತಕ್ಕೆ ಸರಿಯಾಗಿ ಸುಬೇದಾರರ ಹಾಲ್‌ನಲ್ಲಿ ಪೊಲೀಸ್ ಇನ್‌ಸ್ಪೆಕ್ಟರ್ ನಿಂತಿದ್ದರು, ಹೊರಗೆ ಕಾನ್‌ಸ್ಟೇಬಲ್. ನನ್ನ ಮೇಷ್ಟ್ರ ಕೆಲಸ ಹೋಯ್ತು ಅಂತಲೇ ಅಂದುಕೊಂಡೆ.

"ಟ್ಯಾಂಕುಗಳೆಲ್ಲಿ?" ಗುಡುಗಿದರು ಇನ್‌ಸ್ಪೆಕ್ಟರ್.

"ನಿಮ್ಮ ಬೂಟಿನ ಪಕ್ಕದಲ್ಲೇ ಇವೆ ಸಾರ್" ಅಂದರು ಸುಬೇದಾರರು. "ದಯವಿಟ್ಟು ಅಲ್ಲಾಡಬೇಡಿ."

ಇನ್‌ಸ್ಪೆಕ್ಟರ್ ಬಗ್ಗಿ ನೋಡಿದರು. ಕುಕ್ಕರಗಾಲಲ್ಲಿ ಕೂತು ಒಂದನ್ನು ಎತ್ತಿಕೊಂಡರು. "ಎಳೆಯೋ ಹಗ್ಗಾನೂ ಕಟ್ಟಿದ್ದೀರಲ್ರೀ! ನೀವೇ ಮಾಡಿದ್ದಾ?" ಟೋಪಿ ತೆಗೆದು ಪಕ್ಕಕ್ಕಿಟ್ಟರು. "ಇದನ್ನ ಆಡೋದು ಹೇಗೆ?"

ಬದುಕಿದೆ ಅಂದುಕೊಂಡು ನನ್ನ ಸೈನ್ಯವನ್ನೆಲ್ಲ ಅವರಿಗೇ ಒಪ್ಪಿಸಿಬಿಟ್ಟೆ.

ಮುಕ್ಕಾಲು ಗಂಟೆ ಕಾದ ಕಾನ್‌ಸ್ಟೇಬಲ್ ಬಾಗಿಲಲ್ಲಿ ಇಣುಕಿದರು. "ಸಾರ್, ಇವರನ್ನ ಸ್ಟೇಷನ್‌ಗೆ ಕರ್ಕೊಂಡ್ ಹೋಗೋದಾ?"

ಇನ್‌ಸ್ಪೆಕ್ಟರ್ ತಲೆ ಎತ್ತಲಿಲ್ಲ. ನೆಲ ನೋಡುತ್ತಲೇ ನಿಟ್ಟುಸಿರು ಬಿಟ್ಟರು.

"ತಡಿಯಯ್ಯ, ಮೊದಲು ನಾನು ಬಿಡಿಸ್ಕೋಬೇಕು. ಮೂರು ಕಡೆಯಿಂದ ಸುತ್ಕೊಂಡ್‌ಬಿಟ್ಟಿದ್ದಾರೆ!"